ಬೋಳುತಲೆಯವನ ಹೊಕ್ಕುಳಲ್ಲಿ ಕೂದಲು

ನನ್ನ ಹೊಕ್ಕುಳಿನ ಬಗ್ಗೆ ನನಗೆ ಮೊದಲಿನಿಂದಲೂ ತುಂಬ ಅಭಿಮಾನ. ಮನುಷ್ಯನಾಗಿ ಹುಟ್ಟಿದ ಮೇಲೆ ಅಭಿಮಾನ ಪಡಲು ಮೈಮೇಲೆ ಏನಾದರೊಂದು ಬೇಕಲ್ಲ! ಒಬ್ಬರಿಗೆ ಮೀಸೆ ಇರುತ್ತದೆ, ಇನ್ನೊಬ್ಬರಿಗೆ ಒಳ್ಳೆಯ ಕಂಠ ಇರುತ್ತದೆ. ನನಗೆ ಮದುವೆಗೆ ಮುಂಚೆಯೇ ತಲೆ ಬೋಳಾಯಿತು. ಅಲ್ಲಿ ಬೆಳೆಯಬೇಕಾದ್ದೆಲ್ಲ ದಾರಿ ತಪ್ಪಿ ಎದೆ, ಹೊಟ್ಟೆಯ ಮೇಲೆ ಬೆಳೆಯಿತು. ಇನ್ನು ಕಂಠ. ನಾನು ಹಾಡಲು ಬಾಯಿ ತೆರೆದರೆ ಕೊಟ್ಟಿಗೆಯಲ್ಲಿ ಎಮ್ಮೆ ಹಾಲಿನ ಸೊರೆ ಬಿಡುವುದಿಲ್ಲ.

ಆದರೆ ಹೊಕ್ಕುಳು! ಅದನ್ನು ಮಾತ್ರ ದೇವರು ಬಿಡುವು ಮಾಡಿಕೊಂಡು ತೋಡಿದ್ದ. "ನನ್ ಮಗುನ್ ಒಕ್ಕಳಲ್ಲಿ ಉಣಸೆಬೀಜ ಇಟ್ರ ಕಾಣಾಕಿಲ್ಲ" ಎಂದು ನಮ್ಮವ್ವ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಆಳವಾದ ಹೊಕ್ಕುಳಿನವನಿಗೆ ಅನ್ನಕ್ಕೆ ಕೊರತೆ ಬರುವುದಿಲ್ಲ ಎಂಬುದು ಅವಳ ಶಾಸ್ತ್ರ. ನಲವತ್ತು ದಾಟುವ ಹೊತ್ತಿಗೆ ಆ ಶಾಸ್ತ್ರ ನಿಜವೆಂದು ನನ್ನ ಹೊಟ್ಟೆ ನೋಡಿದವರೆಲ್ಲ ಒಪ್ಪುವಂತಾಯಿತು. ಹೊಟ್ಟೆ ಮುಂದಕ್ಕೆ ಬಂದಷ್ಟೂ ಹೊಕ್ಕುಳು ಒಳಕ್ಕೆ ಹೋಯಿತು. ಇಂಥ ಹೊಕ್ಕುಳು ಒಂದು ದಿನ ನನ್ನ ಪ್ರಾಣಕ್ಕೇ ಕುತ್ತು ತರುತ್ತದೆ ಎಂದು ನಾನೇಕೆ ಎಣಿಸಲಿ?

ಕಥೆ ಶುರುವಾದದ್ದು ಹಂದಿಯಿಂದ.

ನಮ್ಮದು ತಮಿಳುನಾಡಿಗೆ ಸೇರಿದ, ಕನ್ನಡ ಮಾತಿನ ತಾಳವಾಡಿ ಸೀಮೆಯ ತಿಗನಾರೆ. ಹೊಲ ಕಾಡಿನ ಅಂಚಿಗೇ ಇದೆ. ಮುಸುಕಿನ ಜೋಳ ಹಾಕಿದ್ದೆ. ಹಾಕುವುದು ನಾನು, ತಿನ್ನುವುದು ಕಾಡುಹಂದಿ, ಮಿಕ್ಕಿದರೆ ನಮಗೆ. ಆನೆ ಬರದಿರಲಿ ಎಂದು ತೋಡಿದ ಕಂದಕದಲ್ಲಿ ಹಂದಿಗಳು ಸಂಸಾರ ಸಮೇತ ಇಳಿದು, ಹತ್ತಿ, ಬಂದುಬಿಡುತ್ತವೆ. ಇದಕ್ಕೆ ನಮ್ಮ ಕಡೆ ಒಂದು ಉಪಾಯ ಉಂಟು. ತಾಳವಾಡಿಯ ಸಲೂನಿನಲ್ಲಿ ಕತ್ತರಿಸಿ ಗುಡಿಸಿದ ತಲೆಕೂದಲನ್ನು ಮೂಟೆಯಲ್ಲಿ ತಂದು ಬದುವಿನ ಉದ್ದಕ್ಕೂ ಹಾಕುವುದು. ಹಂದಿ ನೆಲ ಮೂಸಿಕೊಂಡೇ ಬರುವ ಪ್ರಾಣಿ. ಮೂಸಿದಾಗ ಕೂದಲು ಮೂಗಿಗೆ ಹೋಗುತ್ತದೆ, ಸೀನು ಬರುತ್ತದೆ, ಸೀನಿ ಸೀನಿ ಸಾಕಾಗಿ ಕಾಡಿಗೆ ವಾಪಸ್ಸಾಗುತ್ತದೆ. ಊರಿನವರು ಇದನ್ನು ಮಕ್ಕರಿಯಲ್ಲಿ ತುಂಬಿಕೊಂಡು, ಕೋಲಿನಿಂದ ಎಳೆದು ಎಳೆದು ಹಾಕುತ್ತಾರೆ.

ನಾನು ಎಲ್ಲರ ಹಾಗೆ ಕೆಲಸ ಮಾಡುವ ಮನುಷ್ಯನಲ್ಲ. ಯಾವ ಕೆಲಸಕ್ಕೂ ನನ್ನದೊಂದು ಸುಧಾರಣೆ ಸೇರಿಸಬೇಕು. ಬದುವಿನ ಮೇಲೆ ಗೆರೆ ಎಳೆದ ಹಾಗೆ ಹಾಕಿದರೆ ಹಂದಿ ದಾಟಿಬಿಡುವುದಿಲ್ಲವೆ? ಆದ್ದರಿಂದ ರಾಗಿ ಎರಚಿದ ಹಾಗೆ ಹೊಲದ ಸುತ್ತ ಎರಚಬೇಕೆಂದು ತೀರ್ಮಾನಿಸಿದೆ. ಬಿಸಿಲಿತ್ತು, ಅಂಗಿ ಬಿಚ್ಚಿಟ್ಟೆ. ಪಂಚೆಯ ಮುಂಭಾಗವನ್ನು ಎತ್ತಿ ಮಡಿಲು ಮಾಡಿ ಅದರ ತುಂಬ ಕೂದಲು ತುಂಬಿಕೊಂಡೆ. ನನ್ನ ಹೆಂಡತಿ ರಾಜಮ್ಮ ಬದುವಿನ ಮೇಲೆ ನಿಂತು ಮೂಗು ಮುಚ್ಚಿಕೊಂಡಳು.

"ಊರ್‌ನೋರ್ ತಲಕೂದ್ಲೆಲ್ಲ ಮಡ್ಲಿಗ ತುಂಬ್ಕಂಡು ನಿಂತಿದರಿಯಲ್ಲ, ಒಂದ್ ಅಂಗಿನಾರ ಆಕ್ಕಳಿ."

"ಒಲದ್ ಕೆಲಸ್ಕ ಅಂಗಿ ಯಾಕ? ನಂಗೆಲ್ಲ ಗೊತ್ತು ಸುಮ್ನಿರು."

"ಮೈಗೆಲ್ಲ ಅಂಟ್ಕತ್ತದ ಕಣಿ."

ನನಗೆ ಗೊತ್ತಿತ್ತು! ಅದಕ್ಕೇ ಮುಂಜಾಗ್ರತೆ ಮಾಡಿದ್ದೆ. ಹಂದಿಗೆ ಸೀನು ಬರಿಸುವ ಕೂದಲು ನನಗೂ ಸೀನು ಬರಿಸಬಾರದೆಂದು ಮೂಗು ಬಾಯಿಗೆ ಭದ್ರವಾಗಿ ಟವೆಲ್ ಸುತ್ತಿಕೊಂಡಿದ್ದೆ. ಮನುಷ್ಯನ ದೇಹದಲ್ಲಿ ಮೂಗು ಬಾಯಿ ಬಿಟ್ಟು ಬೇರೆ ತಗ್ಗುಗಳೂ ಇವೆ ಎಂಬುದು ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಎರಚಿದೆ. ಗಾಳಿ ಕಾಡಿನ ಕಡೆಯಿಂದ ಬೀಸುತ್ತಿತ್ತು. ನಾನು ಎರಚಿದ್ದರಲ್ಲಿ ಅರ್ಧ ಹೊಲಕ್ಕೆ, ಅರ್ಧ ನನಗೆ. ಬೆವರಿದ ಹೊಟ್ಟೆಯ ಮೇಲೆ ಊರಿನ ಕೂದಲೆಲ್ಲ ಬಂದು ಕೂತಿತು. ಕೆಲಸ ಮುಗಿಸಿ ಮನೆಗೆ ಹೋಗಿ ಎರಡು ಚೊಂಬು ನೀರು ಸುರಿದುಕೊಂಡು, ಉಷ್ಣ ಆಗಬಾರದೆಂದು ಎಂದಿನ ಹಾಗೆ ಹೊಕ್ಕುಳಿಗೆ ಹರಳೆಣ್ಣೆ ಬಿಟ್ಟುಕೊಂಡು ಮಲಗಿದೆ. ಬಿಸಿಲಿನಲ್ಲಿ ದುಡಿದ ದಿನ ಹೊಕ್ಕುಳಿಗೆ ಹರಳೆಣ್ಣೆ ಬಿಟ್ಟರೆ ಮೈ ತಂಪಾಗುತ್ತದೆ, ಇದು ನಮ್ಮ ಮನೆಯಲ್ಲಿ ತಾತನ ಕಾಲದಿಂದ ಬಂದದ್ದು. ಉಳಿದವರಿಗೆ ಒಂದು ತೊಟ್ಟು ಸಾಕು. ನನ್ನ ಹೊಕ್ಕುಳಿಗೆ ಒಂದು ಚಮಚ ಬೇಕು.

ಬೆಳಿಗ್ಗೆ ಪಕ್ಕದ ಹೊಲದ ಮಲ್ಲಣ್ಣ ಜಗುಲಿಯ ಮೇಲೆ ಬಂದು ಕೂತ. ನನಗಿಂತ ಹಿರಿಯ, ಊರಿನಲ್ಲಿ ಎಲ್ಲದಕ್ಕೂ ಮೊದಲು ಅಭಿಪ್ರಾಯ ಹೇಳುವವನು.

"ರುದ್ರಾ, ನಿನ್ ಜ್ವಾಳ ನೋಡ್ದ್ಯಾ?"

"ಎಂಗದ ಮಲ್ಲಣ್ಣ? ಒಂದಾದ್ರೂ ಅಂದಿ ಬಂದಿತ್ತಾ?"

"ಒಂದಾ? ನೆಂಟ್ರುನೆಲ್ಲ ಕರ್ಕಂಡ್ ಬಂದವ ಕಣ್ಲಾ. ನಿನ್ ಕೂದ್ಲು ಮ್ಯಾಲೇ ವರಗಿ ಎದ್ ಓಗವ. ಮೆತ್ತಗಿತ್ತೋ ಏನೋ!"

ಹಂದಿಗಳ ವಿಷಯ ಅಲ್ಲಿಗೆ ಮುಗಿಯಿತು. ನನ್ನ ವಿಷಯ ಅಲ್ಲಿಂದ ಶುರುವಾಯಿತು.

ಕೆಲವು ವಾರ ಕಳೆದಿರಬೇಕು. ಮನೆಯಲ್ಲಿ ಒಂದು ವಾಸನೆ ಕಾಣಿಸಿಕೊಂಡಿತು. ಇಲಿ ಸತ್ತ ವಾಸನೆ. ಸಣ್ಣ ಇಲಿಯಲ್ಲ, ಬದುಕಿ ಬಾಳಿದ ಇಲಿ! ನಾನು ರಾಜಮ್ಮನಿಗೆ ಹೇಳಿದೆ. ಅವಳು ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ನೋಡಿದಳು. ಅಲ್ಲಿ ಇಲ್ಲ. ನಾನು ಮಂಚ ಎಳೆದೆ, ಪೆಟ್ಟಿಗೆ ಎಳೆದೆ. ಇಲಿ ಇಲ್ಲ, ಆದರೆ ನಾನು ಎಲ್ಲಿ ಹುಡುಕಿದರೂ ಅಲ್ಲಿ ವಾಸನೆ ಜಾಸ್ತಿ! ಅಟ್ಟ ಹತ್ತಿದೆ. ಅಟ್ಟದಲ್ಲಂತೂ ಉಸಿರಾಡಲಾಗಲಿಲ್ಲ. ಇಲಿ ಅಟ್ಟದಲ್ಲೇ ಎಂದು ಖಾತ್ರಿಯಾಗಿ ಅಲ್ಲಿದ್ದ ಹಳೇ ಒನಕೆ, ಕೊಳಗ, ಮೊರ, ರಾಗಿ ಕಣಜದ ಮುಚ್ಚಳ ಎಲ್ಲವನ್ನೂ ಅಂಗಳಕ್ಕೆ ಇಳಿಸಿದೆ. ಹಾದುಹೋಗುವವರು ಮನೆ ಖಾಲಿ ಮಾಡುತ್ತಿದ್ದೀರಾ ಎಂದು ಕೇಳಿದರು.

ಕೆಳಗೆ ನಿಂತಿದ್ದ ರಾಜಮ್ಮ ಮೇಲೆ ನೋಡಿ ಯೋಚನೆ ಮಾಡಿದಳು.

"ನೀವ್ ಅಟ್ಟಕ್ಕ ಅತ್ತಿದ್ ಮ್ಯಾಲ ಕೆಳಗ ವಾಸ್ನೇ ಇಲ್ವಲ್ಲ!"

"ಅಂದ್ರ ಇಲಿ ಇಲ್ಲೇ ಅದ ಅಂತ ತಾನೇ?"

"ವಸಿ ಕೆಳಗ ಇಳೀರಿ ನೋಡಂವ."

ಇಳಿದೆ. ಅವಳು ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದಳು. ಆಮೇಲೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನ ಹೊಟ್ಟೆಯ ಕಡೆ ಬೆರಳು ತೋರಿಸಿದಳು.

"ಇಲಿ ಅಲ್ಲಿ ಸತ್ತದ."

ಅಂಗಿ ಎತ್ತಿ ನೋಡಿದೆ. ಹೊಟ್ಟೆ ಅಡ್ಡ ಇದ್ದುದರಿಂದ ನನಗೆ ಏನೂ ಕಾಣಲಿಲ್ಲ. ಬೆರಳು ಹಾಕಿ ನೋಡಿದೆ. ತೇವ. ಬೆರಳು ಮೂಸಿದೆ. ಬದುಕಿರುವ ಮನುಷ್ಯನಿಂದ ಬರುವ ವಾಸನೆಯಲ್ಲ ಅದು. ಒಳಗೆ ಏನೋ ಕೊಳೆಯುತ್ತಿದೆ! ಕರುಳೇ ಇರಬೇಕು! ಹೊಕ್ಕುಳಿನ ಹಿಂದೆ ಕರುಳಲ್ಲದೆ ಇನ್ನೇನಿದೆ?

ಭಯ ಬಿದ್ದವನು ಏನು ಮಾಡಬೇಕು? ಡಾಕ್ಟರ ಹತ್ತಿರ ಹೋಗಬೇಕು. ನಾನೇನು ಮಾಡಿದೆ? ಹೋದರೆ ಏನಾದರೂ ಹೇಳಿಬಿಡುತ್ತಾರಲ್ಲ ಎಂಬ ಭಯ ಮೊದಲಿನ ಭಯಕ್ಕಿಂತ ದೊಡ್ಡದಾಯಿತು. ಮನೆಯಲ್ಲೇ ಗುಣ ಮಾಡಿಕೊಳ್ಳುವುದೆಂದು ನಿಶ್ಚಯಿಸಿದೆ. ಮೊದಲು ಎಣ್ಣೆ ಒಂದಕ್ಕೆ ಎರಡು ಚಮಚ ಮಾಡಿದೆ. ವಾಸನೆ ಜಾಸ್ತಿಯಾಯಿತು. ಅರಿಶಿನ ತುಂಬಿದೆ. ಪಂಚೆಯೆಲ್ಲ ಹಳದಿಯಾಗಿ ರಾಜಮ್ಮ ಒಗೆಯುವುದಿಲ್ಲವೆಂದು ಎಸೆದಳು. ಕಡೆಗೆ ಶಿವನೇ ಗತಿ ಎಂದು ವಿಭೂತಿ ಪುಡಿ ಮಾಡಿ ಹೊಕ್ಕುಳಿಗೆ ಒತ್ತಿ ಒತ್ತಿ ತುಂಬಿದೆ. ಹಣೆಗೆ ಹಚ್ಚಿಕೊಂಡ ವಿಭೂತಿ ಯಾರಿಗೂ ಕೆಡುಕು ಮಾಡಿಲ್ಲ. ಆದರೆ ಒಳಗಿದ್ದ ಹರಳೆಣ್ಣೆಯ ಜೊತೆ ಸೇರಿ ಅದು ಗಾರೆಯಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬೆಳಗಾಗುವ ಹೊತ್ತಿಗೆ ಹೊಕ್ಕುಳಿಗೆ ಒಳ್ಳೆಯ ಮೇಸ್ತ್ರಿಯೇ ಬಂದು ಪೂಸಿದ ಹಾಗೆ ಬಾಯಿ ಮುಚ್ಚಿಹೋಗಿತ್ತು.

ವಾಸನೆ ನಿಂತಿತು! ಗೆದ್ದೆ ಎಂದುಕೊಂಡೆ. ಸಂಜೆಗೆ ಸುತ್ತ ಕೆಂಪಾಯಿತು. ಮಾರನೆಯ ದಿನ ಊದಿತು. ಪಂಚೆ ಕಟ್ಟಲಾಗಲಿಲ್ಲ, ಕೆಮ್ಮಲಾಗಲಿಲ್ಲ, ಮಲ್ಲಣ್ಣ ಹೇಳಿದ ಒಂದು ಜೋಕಿಗೆ ನಗಲೂ ಆಗಲಿಲ್ಲ. ಒಳಗೆ ಕುಟ್ ಕುಟ್ ಎಂದು ಯಾರೋ ಬಾಗಿಲು ಬಡಿದ ಹಾಗೆ ನೋವು. ಮುಚ್ಚಿದ್ದೇ ತಪ್ಪಾಯಿತೆಂದು ಗೊತ್ತಾಗಿ, ಅಂಗಳದಲ್ಲಿ ಚಾಪೆ ಹಾಸಿ, ಬಿಸಿಲಿಗೆ ಅಂಗಾತ ಮಲಗಿ, ರಾಜಮ್ಮನ ಕೈಗೆ ಕನ್ನಡಿ ಕೊಟ್ಟು ನನಗೆ ಕಾಣುವ ಹಾಗೆ ಹಿಡಿಯಲು ಹೇಳಿದೆ. ಬೆಚ್ಚಗಿನ ನೀರು ಬಿಟ್ಟು ಗಾರೆಯನ್ನು ನೆನೆಸಿ ಮೆಲ್ಲಗೆ ಎಬ್ಬಿಸಿದೆ. ಅದರ ಹಿಂದೆಯೇ ಒಂದು ಕೂದಲಿನ ತುದಿ ಕಾಣಿಸಿತು. ಎಳೆದೆ.

ಬಂತು. ಇನ್ನೂ ಬಂತು. ಎಳೆದಷ್ಟೂ ಬಂತು! ಬೆರಳುದ್ದದ ಬಿಳಿಯ ಕೂದಲು!

ರಾಜಮ್ಮನ ಕೈಯಿಂದ ಕನ್ನಡಿ ಜಾರಿ ನನ್ನ ಎದೆಯ ಮೇಲೆ ಬಿತ್ತು. ನನ್ನ ಮೈಮೇಲಿನ ಕೂದಲೆಲ್ಲ ಕಪ್ಪು, ಗಿಡ್ಡ. ತಲೆಯಲ್ಲಿ ಇಲ್ಲವೇ ಇಲ್ಲ. ಮತ್ತೆ ಈ ನರೆಕೂದಲು ಯಾರದು? ಇನ್ನೊಂದು ಎಳೆದೆ. ಗೋರಂಟಿ ಹಚ್ಚಿದ ಕೆಂಪು ಕೂದಲು! ಮೂರನೆಯದು ಗುಂಗುರು! ನಾನು ಅಲ್ಲಿಗೆ ನಿಲ್ಲಿಸಿದೆ. ಧೈರ್ಯಕ್ಕೂ ಒಂದು ಮಿತಿ ಇದೆ.

ಅದೇ ಹೊತ್ತಿಗೆ ಮಲ್ಲಣ್ಣ ಬಂದ. ಅವನು ಯಾವಾಗಲೂ ಅದೇ ಹೊತ್ತಿಗೇ ಬರುತ್ತಾನೆ. ಬಾಳೆಲೆಯ ಚೂರಿನ ಮೇಲೆ ಹರಡಿದ್ದ ಮೂರು ಕೂದಲನ್ನು ಬಗ್ಗಿ ನೋಡಿದ, ಮುಟ್ಟಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಸರಿದು ಪಿಸುಗುಟ್ಟಿದ.

"ರುದ್ರಾ, ಇದು ಮಾಟ ಕಣ್ಲಾ."

"ಮಾಟವಾ?"

"ಇನ್ನೇನ್ ಮತ್ತ? ಬೋಳ್‌ತಲಯವ್ನ ಒಟ್ಟೇಲಿ ಮೂರ್ ಜನದ್ ಕೂದ್ಲು ಬಂದವ ಅಂದ್ರ, ಮೂರ್ ಜನ ಸೇರ್ಕಂಡು ಮಾಡ್ಸವ್ರ. ಒಬ್ಬ ಮುದುಕ, ಒಬ್ಬ ಗೋರಂಟಿಯವ್ನು, ಒಬ್ಬ ಗುಂಗ್ರುಕೂದ್ಲವ್ನು. ಯಾರ್ ಯಾರು ಅಂತ ನೀನೇ ಯೋಚ್ನ ಮಾಡು."

ಯೋಚಿಸಿದೆ. ಊರಿನ ಮುದುಕರೆಲ್ಲ ನನ್ನ ಕಣ್ಣ ಮುಂದೆ ಸಾಲಾಗಿ ನಿಂತರು, ಎಲ್ಲರ ಮೇಲೂ ಅನುಮಾನ ಬಂತು. ಗುಂಗುರುಕೂದಲಿನ ನಮ್ಮ ಭಾವಮೈದನನ್ನೂ ಬಿಡಲಿಲ್ಲ. ಹೊಟ್ಟೆಯ ತುಂಬ ಕೂದಲು ಸುತ್ತಿಕೊಂಡಿದೆ ಎಂಬ ಯೋಚನೆ ತಲೆಗೆ ಹೊಕ್ಕ ಮೇಲೆ ಊಟ ಸೇರಲಿಲ್ಲ. ಮುದ್ದೆ ಮುರಿದರೆ ಒಳಗೆ ಕೂದಲು ಕಂಡ ಹಾಗೆ, ನೀರು ನುಂಗಿದರೆ ಗಂಟಲಲ್ಲಿ ಕೂದಲು ಸಿಕ್ಕಿಕೊಂಡ ಹಾಗೆ. ನಿಜವಾಗಿ ಹೇಳುತ್ತೇನೆ, ಅಷ್ಟು ಭಯ ನನಗೆ ಆನೆ ಎದುರು ಬಂದಾಗಲೂ ಆಗಿರಲಿಲ್ಲ. ಆನೆ ಎದುರು ಬಂದರೆ ಓಡಬಹುದು. ಹೊಟ್ಟೆಯೊಳಗಿರುವುದನ್ನು ಬಿಟ್ಟು ಎಲ್ಲಿಗೆ ಓಡುವುದು?

ಬೆಟ್ಟದ ಮಾದಪ್ಪನ ಕಡೆ ತಿರುಗಿ ಕೈ ಮುಗಿದೆ. "ಮಾದಪ್ಪಾ, ಇದೊಂದ್ಸಲ ಕಾಪಾಡಪ್ಪ. ಬೆಟ್ಟಕ್ಕ ಬಂದು ಮುಡಿ ಕೊಡ್ತೀನಿ."

"ಎಲ್ಲಿಂದ ತಂದು ಕೊಟ್ಟಿಯೆ?" ಎಂದ ಮಲ್ಲಣ್ಣ.

ರಾಜಮ್ಮ ಕನ್ನಡಿ ಎತ್ತಿಟ್ಟು ಮಧ್ಯೆ ಬಂದಳು.

"ಮಲ್ಲಣ್ಣ, ನೀವ್ ವಸಿ ಸುಮ್ನಿರಿ. ಮಾಟ ಮಾಡ್ಸಕ್ಕ ಇವ್ರೇನ್ ಅಂತಾ ದೊಡ್ ಆಸಾಮಿನಾ? ಇವ್ರಿಗೋಸ್ಕರ ಮೂರ್ ಜನ ಕೆಲ್ಸ ಬುಟ್ಟು ಕೂತ್ಕಂಡರಾ? ಮಾಟನೋ ಮಣ್ಣೋ, ಕೀವು ಬತ್ತಾ ಅದ. ಕೀವ್ಗ ಡಾಕ್ಟ್ರೇ ಸೈ. ಏಳಿ, ಅಂಗಿ ಆಕ್ಕಳಿ."

ನನಗೆ ಪ್ರಾಣಭಯದ ನಡುವೆಯೂ ಸ್ವಲ್ಪ ಅವಮಾನವಾಯಿತು. ಮಾಟ ಮಾಡಿಸುವಷ್ಟಾದರೂ ಯೋಗ್ಯತೆ ನನಗಿಲ್ಲವೆ?

ತಾಳವಾಡಿಯಲ್ಲಿ ನರ್ಸಮ್ಮ ನೋಡಿ, ಮುಖ ಗಂಭೀರ ಮಾಡಿಕೊಂಡು, ಇದನ್ನು ಸರ್ಜನ್ ಡಾಕ್ಟರೇ ನೋಡಬೇಕು, ಸತ್ಯಮಂಗಲಕ್ಕೆ ಹೋಗಿ ಎಂದರು. ಸರ್ಜನ್ ಎಂದರೆ ಕತ್ತರಿಸುವವರು ಎಂದು ನನಗೆ ತಿಳಿದಿತ್ತು. ರಾಜಮ್ಮ ತೋಳು ಹಿಡಿದುಕೊಂಡು, ಸಂತೆಗೆ ಹೋಗಲೊಲ್ಲದ ಎತ್ತನ್ನು ಎಳೆದ ಹಾಗೆ ಎಳೆದು ಬಸ್ ಹತ್ತಿಸಿದಳು.

ದಿಂಬಂ ಘಾಟಿ ಇಳಿಯುವುದು ಆರೋಗ್ಯವಂತರಿಗೇ ಪರೀಕ್ಷೆ. ತಿರುವಿನ ಮೇಲೆ ತಿರುವು. ಪ್ರತಿ ತಿರುವಿಗೂ ನನ್ನ ಹೊಟ್ಟೆ ಮುಂದಿನ ಸೀಟಿನ ಕಂಬಿಗೆ ಗುದ್ದುತ್ತಿತ್ತು. ಪ್ರತಿ ಗುದ್ದಿಗೂ ನನಗೆ ನನ್ನ ಅಂತ್ಯ ಕಾಣುತ್ತಿತ್ತು. ಹೋಗುವುದು ಹೇಗೂ ಖಾತ್ರಿ, ಹೇಳಬೇಕಾದ್ದನ್ನು ಹೇಳಿಬಿಡೋಣ ಎಂದು ರಾಜಮ್ಮನ ಕೈ ಹಿಡಿದುಕೊಂಡೆ.

"ರಾಜೀ, ನಾನಿಲ್ಲ ಅಂದ್ರ ಬೋರ್‌ವೆಲ್ ಮೋಟ್ರು ಸ್ಟಾರ್ಟ್ ಆಗಾಕಿಲ್ಲ. ಅಸ್ರು ಬಟನ್ ಒತ್ತಿ, ಸಂದೀಲಿ ಒಂದ್ ಕಡ್ಡಿ ಸಿಕ್ಕಸ್ಬೇಕು."

"ಆ ಕಡ್ಡಿ ಕೆತ್ತಿ ಮಡುಗಿರದೇ ನಾನು."

"ಎಮ್ಮ ಎಡಗಡಿಂದ ಓದ್ರ ಒದಿತದ."

"ನಿಮ್ನ ಒದಿತದ. ನನ್ನ ಯಾವತ್ತೂ ಒದ್ದಿಲ್ಲ."

ನಾನಿಲ್ಲದೆ ನಡೆಯದ ಕೆಲಸ ಮನೆಯಲ್ಲಿ ಇನ್ನೇನಿದೆ ಎಂದು ಮುಂದಿನ ತಿರುವಿನವರೆಗೂ ಹುಡುಕಿದೆ. ಒಂದೂ ಸಿಗಲಿಲ್ಲ. ಸಾಯುವುದಕ್ಕಿಂತ ಅದೇ ಹೆಚ್ಚು ನೋವಾಯಿತು.

"ಅಂಗಾದ್ರ ನಾನ್ ಇಲ್ದೇ ಇದ್ರೂ ನಡೀತದ ಅನ್ನು," ಎಂದೆ.

ರಾಜಮ್ಮ ಕಿಟಕಿಯ ಕಡೆ ತಿರುಗಿದಳು. ಬಿಸಿಲಿಗೆ ಕಣ್ಣು ಮುಚ್ಚಿಕೊಂಡಳೇನೋ ಎಂದುಕೊಂಡೆ. ನೋಡಿದರೆ ಸೆರಗಿನ ತುದಿ ಕಚ್ಚಿಕೊಂಡು ಅಳುತ್ತಿದ್ದಾಳೆ! ಮನೆಯಲ್ಲಿ ಮಲ್ಲಣ್ಣನನ್ನು ಗದರಿಸಿದ ಹೆಂಗಸು, ನರ್ಸಮ್ಮನ ಮುಂದೆ ಕಲ್ಲಿನ ಹಾಗೆ ನಿಂತಿದ್ದ ಹೆಂಗಸು!

"ಕೆಲ್ಸ ಎಲ್ಲಾ ನಡೀತದ," ಎಂದಳು ಕಡೆಗೆ. "ನೀವಿಲ್ಲ ಅಂದ್ರ ನಾನ್ ಯಾರ್ನ ಬಯ್ಯನ?"

ಅವಳಿಗೂ ನನ್ನಷ್ಟೇ ಭಯವಾಗಿದೆ, ಅದನ್ನು ಹೊತ್ತುಕೊಂಡೇ ನನ್ನನ್ನೂ ಹೊತ್ತು ತರುತ್ತಿದ್ದಾಳೆ ಎಂದು ಆಗ ಗೊತ್ತಾಯಿತು. ಇನ್ನೊಂದು ತಿರುವಿಗೆ ಹೊಟ್ಟೆ ಕಂಬಿಗೆ ಬಡಿಯುವ ಮುಂಚೆ ಅವಳ ಅಂಗೈ ನಡುವೆ ಬಂದು ಗುದ್ದನ್ನು ತಾನು ತಿಂದಿತು. ಕೆಳಗಿನ ಬಣ್ಣಾರಿ ತಲುಪುವವರೆಗೂ ಅವಳು ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಮೊದಲು ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ ಎಂದರು. ಒಳಗೆ ಎಷ್ಟು ದೂರ ಹೋಗಿದೆ, ಕರುಳಿಗೆ ಏನಾದರೂ ಸಂಬಂಧ ಇದೆಯೇ ನೋಡಬೇಕಂತೆ. ಸ್ಕ್ಯಾನ್ ಕೋಣೆಯ ಹೊರಗೆ ಬೆಂಚು ತುಂಬ ಬಸುರಿಯರು. ನಡುವೆ ನಾನು. ಎಲ್ಲರೂ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು, ನಾನೂ ಇಟ್ಟುಕೊಂಡಿದ್ದೆ. ಎದುರಿಗಿದ್ದ ಒಬ್ಬ ಅಜ್ಜಿ ನನ್ನ ಮುಖ ನೋಡಿದಳು, ಹೊಟ್ಟೆ ನೋಡಿದಳು, ಮತ್ತೆ ಮುಖ ನೋಡಿದಳು. ಕೇಳಬೇಕೆಂದು ಬಾಯಿವರೆಗೆ ಬಂದದ್ದನ್ನು ಎಲೆಅಡಿಕೆಯ ಜೊತೆ ನುಂಗಿಕೊಂಡಳು.

ಕರುಳಿಗೆ ಏನೂ ಸಂಬಂಧವಿಲ್ಲ ಎಂದು ಸ್ಕ್ಯಾನಿನಲ್ಲಿ ಬಂತಂತೆ. ನನಗೆ ಅದನ್ನು ಯಾರೂ ಹೇಳಲಿಲ್ಲ, ಚೀಟಿ ಕೊಟ್ಟು ಒಳಗೆ ಕಳಿಸಿದರು. ಸರ್ಜನ್ ಸಣ್ಣ ವಯಸ್ಸಿನ ಹೆಣ್ಣುಮಗಳು. ಮಲಗಿ ಎಂದರು, ಮಲಗಿದೆ. ದೀಪ ಹತ್ತಿರಕ್ಕೆ ಎಳೆದರು. ತಟ್ಟೆಯಲ್ಲಿ ಏನೋ ಟಣ್ ಎಂದು ಸದ್ದಾಯಿತು. ಕತ್ತಿಯೇ ಇರಬೇಕು! ಕಣ್ಣು ಮುಚ್ಚಿಕೊಂಡೆ.

"ಬಯಪ್ಪಡಾದೀಂಗ," ಎಂದರು ಡಾಕ್ಟರಮ್ಮ. ಭಯಪಡಬೇಡಿ ಎಂದು ತಮಿಳಿನಲ್ಲಿ ಹೇಳಿದರೂ ಕನ್ನಡದಲ್ಲಿ ಹೇಳಿದರೂ ಭಯ ಒಂದೇ ಸಮ ಬರುತ್ತದೆ.

ಹೊಕ್ಕುಳನ್ನು ಕತ್ತರಿಸಿ ತೆಗೆದರೆ ಮನುಷ್ಯನ ಗತಿಯೇನು? ಹೊಕ್ಕುಳೇ ಇಲ್ಲದವನನ್ನು ಒಬ್ಬ ತಾಯಿ ಹೆತ್ತಳೆಂದು ಯಾರು ನಂಬುತ್ತಾರೆ? ನಮ್ಮವ್ವ ಮೇಲಿನಿಂದ ನೋಡಿ ಏನೆಂದುಕೊಳ್ಳುತ್ತಾಳೆ? ಶಿವ ಶಿವ ಎನ್ನಲು ಶುರುಮಾಡಿದೆ. ಹೊಕ್ಕುಳಲ್ಲಿ ತಣ್ಣಗೆ ಏನೋ ಸೇರಿತು. ಚುರುಕ್ ಎಂದಿತು. ಚುರುಕ್, ಚುರುಕ್. ನಾನು ಜೋರಾಗಿ ಮಾದಪ್ಪನನ್ನು ಕರೆದೆ. ಸತ್ತರೆ ತಿಗನಾರೆಯ ಹೊಲದಲ್ಲೇ ಮಣ್ಣು ಮಾಡಬೇಕೆಂದೂ, ಸಾಲಂಕೃತವಾಗಿ ಕೂರಿಸಬೇಕೆಂದೂ, ಮಲ್ಲಣ್ಣ ಭಾಷಣ ಮಾಡಲು ಬಂದರೆ ಬಿಡಬಾರದೆಂದೂ ಅಪ್ಪಣೆ ಕೊಟ್ಟೆ.

"ಆಯ್ತು, ಏಳಿ ಅಂತವ್ರ," ಎಂದಳು ರಾಜಮ್ಮ.

"ಏನಾಯ್ತು?"

"ಎಲ್ಲಾ ಆಯ್ತು. ಆಗ್ಲೇ ಆಯ್ತು. ನೀವೇ ಇನ್ನೂ ಅರಚ್ತಾ ಇದ್ದುದ್ದು."

ಕಣ್ಣು ಬಿಟ್ಟೆ. ಡಾಕ್ಟರಮ್ಮನ ಕೈಯಲ್ಲಿದ್ದದ್ದು ಕತ್ತಿಯಲ್ಲ, ಒಂದು ಸಣ್ಣ ಚಿಮಟ. ಬಿಳಿ ಬಟ್ಟೆಯ ಮೇಲೆ ಒಂದು ಕುಪ್ಪೆ ಕೂದಲು! ಬಿಳಿ, ಕಪ್ಪು, ಕೆಂಪು, ಕಂದು. ಉದ್ದ, ಗಿಡ್ಡ, ಗುಂಗುರು. ತಾಳವಾಡಿಯ ಅರ್ಧ ಊರು ಅಲ್ಲಿತ್ತು. ಡಾಕ್ಟರಮ್ಮ ಕೂದಲು ನೋಡಿದರು, ನನ್ನ ಬೋಳುತಲೆ ನೋಡಿದರು.

ಸಲೂನಿನಲ್ಲಿ ಕೆಲಸವೇ ಎಂದು ತಮಿಳಿನಲ್ಲಿ ಕೇಳಿದರು. ನಾನು ಏನು ಹೇಳಲಿ? ಮಾಟ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ರಾಜಮ್ಮ ತನಗೆ ಬರುವ ಸಂತೆಯ ತಮಿಳಿನಲ್ಲಿ ಒಂದೇ ಮಾತಿಗೆ ಮುಗಿಸಿದಳು.

"ಪನ್ನಿಕ್ಕು ಪೋಟ್ಟ ಮುಡಿ, ಡಾಕ್ಟರಮ್ಮ." ಹಂದಿಗೆ ಹಾಕಿದ ಕೂದಲು!

ಹಂದಿ, ಜೋಳ, ಮಡಿಲು, ಗಾಳಿ, ಅಂಗಿ ಹಾಕಿಕೊಳ್ಳದೆ ಇದ್ದದ್ದು, ಮೂಗಿಗೆ ಟವೆಲ್ ಕಟ್ಟಿದ್ದು, ಎಣ್ಣೆ, ಅರಿಶಿನ, ವಿಭೂತಿ, ಒಂದೂ ಬಿಡದೆ ಹೇಳಿದಳು. ಪಕ್ಕದಲ್ಲಿದ್ದ ನರ್ಸ್ ಗೋಡೆಯ ಕಡೆ ತಿರುಗಿಕೊಂಡರು, ಅವರ ಭುಜ ಕುಣಿಯುತ್ತಿತ್ತು. ಡಾಕ್ಟರಮ್ಮ ಮಾತ್ರ ತುಟಿ ಬಿಗಿಹಿಡಿದು ವಿವರಿಸಿದರು. ಇದಕ್ಕೆ ಪೈಲೊನೈಡಲ್ ಸೈನಸ್ ಎಂದು ಹೆಸರಂತೆ. ಸಾಮಾನ್ಯವಾಗಿ ಬೆನ್ನಿನ ಕೆಳಗೆ, ಕೂರುವ ಜಾಗದ ಹತ್ತಿರ ಬರುತ್ತದೆ, ಹೊಕ್ಕುಳಲ್ಲಿ ಬರುವುದು ಅಪರೂಪ. ಉದುರಿದ ಕೂದಲು ಆಳವಾದ ಹೊಕ್ಕುಳಿಗೆ ಬಿದ್ದು, ಬೆವರು ತೇವಕ್ಕೆ ಚರ್ಮ ಮೆತ್ತಗಾದಾಗ, ಹುಲ್ಲಿನ ಮುಳ್ಳು ಪಂಚೆಗೆ ತೂರುವ ಹಾಗೆ ಚರ್ಮದೊಳಗೆ ತೂರಿ ಸಣ್ಣ ಸುರಂಗ ಮಾಡಿಕೊಳ್ಳುತ್ತದೆ. ಮೈ ಅದನ್ನು ಹೊರಗಿನವನೆಂದು ತಿಳಿದು ಕೀವು ಮಾಡುತ್ತದೆ. ಮೈಮೇಲೆ ಕೂದಲು ಜಾಸ್ತಿ ಇರುವ, ಹೊಟ್ಟೆ ಇರುವ, ಹೊಕ್ಕುಳು ತೊಳೆಯದ ಗಂಡಸರಿಗೆ ಇದು ಹೆಚ್ಚಂತೆ. ಎಲ್ಲರಿಗೂ ಅವರವರ ಕೂದಲೇ ಸಾಕಾಗುತ್ತದೆ, ನೀವು ಮಾತ್ರ ಊರಿನದನ್ನೆಲ್ಲ ಸೇರಿಸಿದ್ದೀರಿ ಎಂದರು.

"ಆಪರೇಷನ್?" ಎಂದೆ.

ಈಗ ಬೇಡವಂತೆ. ಕೂದಲೆಲ್ಲ ಬಂದಿದೆ. ಮಾತ್ರೆ ನುಂಗಬೇಕು. ದಿನಾ ಸೋಪು ನೀರಿನಲ್ಲಿ ತೊಳೆದು ಹತ್ತಿಯಿಂದ ಒತ್ತಿ ಒಣಗಿಸಬೇಕು. ಎಣ್ಣೆ, ಅರಿಶಿನ, ವಿಭೂತಿ ಏನೂ ಒಳಗೆ ಹೋಗಬಾರದು. ವಾಸಿಯಾದುದನ್ನು ತೋರಿಸಲು ಮತ್ತೆ ಬರಬೇಕು. ಹೀಗೆ ನೋಡಿಕೊಂಡರೆ ಬಹಳ ಜನಕ್ಕೆ ಇಷ್ಟರಲ್ಲೇ ಗುಣವಾಗುತ್ತದೆ. ಮತ್ತೆ ಮತ್ತೆ ಬಂದರೆ ಆಗ ಸುರಂಗವನ್ನು ಕತ್ತರಿಸಿ ತೆಗೆದು ಹೊಸದಾಗಿ ಹೊಕ್ಕುಳು ಹೊಲಿಯುತ್ತಾರಂತೆ. ಅದು ಬರಬಾರದು ಎಂದಿದ್ದರೆ ಒಂದು ಕೆಲಸ ತಪ್ಪಿಸಬಾರದು ಎಂದು ರಾಜಮ್ಮನ ಕಡೆ ನೋಡಿ ಹೇಳಿದರು. ಹೊಕ್ಕುಳಿನ ಸುತ್ತ ಇರುವ ಕೂದಲನ್ನು ವಾರವಾರ ಬೋಳಿಸುತ್ತಿರಬೇಕು. ಇವರಿಗೆ ಹೊಟ್ಟೆ ಅಡ್ಡ, ಕಾಣುವುದಿಲ್ಲ, ನೀವೇ ಮಾಡಿ ಎಂದರು.

ಬದುಕಿದೆ! ಘಾಟಿ ಹತ್ತುವಾಗ ಬಸ್ಸಿನ ಕಿಟಕಿಯಿಂದ ಕಂಡ ಕಾಡು, ಮಂಗ, ಲಾರಿ ಎಲ್ಲವೂ ನನಗೆ ಚೆಂದ ಕಂಡವು. ರಾಜಮ್ಮನೂ ಬೇರೆ ತರಹ ಕಂಡಳು. ಅವಳ ಮುಖದಲ್ಲಿ ನಿಧಾನವಾಗಿ ಒಂದು ಯೋಚನೆ ಮೂಡುತ್ತಿತ್ತು. ಆ ಯೋಚನೆ ಏನೆಂದು ನನಗೆ ಮುಂದಿನ ಭಾನುವಾರ ತಿಳಿಯಿತು.

ಭಾನುವಾರ ಬೆಳಿಗ್ಗೆ ಜಗುಲಿಯ ಮೇಲೆ ಚಾಪೆ ಹಾಸಿ ನನ್ನನ್ನು ಅಂಗಾತ ಮಲಗಿಸಿದಳು. ಸೋಪು ನೊರೆ ಹಚ್ಚಿದಳು. 'ಅಲ್ಲಾಡ್‌ಬ್ಯಾಡಿ' ಎಂದು ರೇಜರನ್ನು ಹೊಕ್ಕುಳಿನ ಅಂಚಿಗೆ ತಂದು ನಿಲ್ಲಿಸಿದಳು. ಒಂದು ಗಾಯವಾದರೆ ಮತ್ತೆ ಕೀವು, ಮತ್ತೆ ಸತ್ಯಮಂಗಲ, ಮತ್ತೆ ಆ ತಟ್ಟೆ, ಈ ಸಲ ಚಿಮಟವಲ್ಲ!

"ಮುಂದಿನ್ ತಿಂಗ್ಳು ನಮ್ಮಣ್ಣನ್ ಮನಗ ನಾಕ್ ದಿನ ಓಗಿದ್ದು ಬರನ್ವಾ?" ಎಂದಳು.

ಇಷ್ಟು ವರ್ಷ ಈ ಮಾತಿಗೆ ನನ್ನ ಹತ್ತಿರ ಬಗೆಬಗೆಯ ಉತ್ತರಗಳಿದ್ದವು. ಈಗ ಒಂದೂ ಹೊರಡಲಿಲ್ಲ. ಜೋರಾಗಿ ಮಾತಾಡಿದರೆ ಹೊಟ್ಟೆ ಅಲುಗುತ್ತದೆ.

"ಆಗ್ಲಿ," ಎಂದೆ ಮೆಲ್ಲಗೆ.

"ಈ ಸಲ ಜ್ವಾಳ ಬ್ಯಾಡ, ನಾನ್ ಏಳಿದ್ದು ಆಕನ್ವಾ?"

"ಆಗ್ಲಿ."

"ಅಡ್ಗ ಮನಗ ಒಂದ್ ಕಿಟ್ಕಿ ಮಡಗ್ಸಿ."

"ಆಗ್ಲಿ, ಆಗ್ಲಿ."

ಡಾಕ್ಟರಮ್ಮನ ಚಿಮಟಕ್ಕೆ ನಾನು ಹೆದರಿದ್ದು ಒಂದೇ ದಿನ. ಇದು ವಾರವಾರ. ಪ್ರತಿ ಭಾನುವಾರ ಕಣ್ಣು ಬಿಗಿಯಾಗಿ ಮುಚ್ಚಿ ಮಲಗುತ್ತೇನೆ, ಕೇಳಿದ್ದಕ್ಕೆಲ್ಲ ಒಪ್ಪುತ್ತೇನೆ. ಅಭ್ಯಾಸವಾಗಿಬಿಟ್ಟಿದೆ. ಹೋದ ಭಾನುವಾರವೂ ಹಾಗೆಯೇ ಮಲಗಿದ್ದೆ. ಏನೋ ಕೇಳಿದ ಹಾಗಾಯಿತು, ಆಗ್ಲಿ ಎಂದೆ. ಇನ್ನೂ ಏನೋ ಕೇಳಿದ ಹಾಗಾಯಿತು, ನಿನ್ನ ಇಷ್ಟ, ತಕೊಂಡು ಹೋಗು ಎಂದೆ. ಗೇಟು ಕಿರ್ ಎಂದಿತು. ಒಂದು ಕಣ್ಣು ತೆರೆದೆ. ಹೊಟ್ಟೆಯ ಮೇಲಿನ ನೊರೆ ಒಣಗಿತ್ತು. ರಾಜಮ್ಮ ಯಾವಾಗಲೋ ಮುಗಿಸಿ ಒಳಗೆ ಹೋಗಿ ಒಗ್ಗರಣೆ ಹಾಕುತ್ತಿದ್ದಳು. ಮಲ್ಲಣ್ಣ, ತಾನು ಎಷ್ಟು ಸಲ ಕೇಳಿದರೂ ನಾನು ಕೊಡದಿದ್ದ ನಮ್ಮ ಹೊಸ ಔಷಧಿ ಹೊಡೆಯುವ ಮಿಷನ್ನನ್ನು ಬೆನ್ನಿಗೆ ಹಾಕಿಕೊಂಡು ಗೇಟು ದಾಟುತ್ತಿದ್ದ.

ಕೂಗಿ ಕರೆಯೋಣವೆಂದುಕೊಂಡೆ. ಅಂಗಿ ಹಾಕಿರಲಿಲ್ಲ, ಬೀದಿಯಲ್ಲಿ ಹೆಂಗಸರಿದ್ದರು, ಸುಮ್ಮನೆ ಮತ್ತೆ ಮಲಗಿಕೊಂಡೆ.